ಕಿಡ್ನಿ ಕಲ್ಲು: ಟೊಮ್ಯಾಟೊ ಬಿಟ್ಟರೆ ಸಾಕೇ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಿಡ್ನಿ ಕಲ್ಲು ಮತ್ತು ಊಟದ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನಮ್ಮ ಯಜಮಾನರಿಗೆ 42 ವರ್ಷ. ಹೋದ ತಿಂಗಳು 5 ಮಿ.ಮೀ. ಕಲ್ಲು ತಾನಾಗಿಯೇ ಬಿತ್ತು. ಪರೀಕ್ಷೆ ಮಾಡಿಸಿದಾಗ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಎಂದು ವರದಿ ಬಂತು. ಈಗ ಒಬ್ಬೊಬ್ಬರು ಒಂದೊಂದನ್ನು ಬಿಡಿ ಅನ್ನುತ್ತಾರೆ: ಹಾಲು, ಮೊಸರು, ಟೊಮ್ಯಾಟೊ, ಬದನೆಕಾಯಿ, ಶೇಂಗಾ, ಸೊಪ್ಪು. ಎಲ್ಲ ಬಿಟ್ಟರೆ ತಟ್ಟೆಗೆ ಬಡಿಸುವುದಾದರೂ ಏನು? (ದಾವಣಗೆರೆ)

ನಿಮಗೆ ಸಿಕ್ಕ ಪಟ್ಟಿಯಲ್ಲಿ ಪೂರ್ತಿ ಬಿಡಬೇಕಾದದ್ದು ಒಂದೂ ಇಲ್ಲ. ಕಡಿಮೆ ಮಾಡಲೇಬೇಕಾದ ಉಪ್ಪಿನ ಹೆಸರು ಮಾತ್ರ ಅದರಲ್ಲಿಲ್ಲ.

ಹಾಲು, ಮೊಸರಿನಿಂದ ಶುರು ಮಾಡೋಣ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಹಾಲಿನಲ್ಲೂ ಇದೆ, ಹಾಗಾಗಿ ಹಾಲು ಬಿಡಬೇಕು ಎಂಬ ಮಾತು ಕೇಳಲು ಸರಿ ಅನಿಸುತ್ತದೆ. ವೈದ್ಯರೇ ಬಹಳ ಕಾಲ ಹಾಗೆ ಹೇಳಿದ್ದುಂಟು. ಕರುಳಿನಲ್ಲಿ ನಡೆಯುವ ಲೆಕ್ಕ ಬೇರೆ. ಸೊಪ್ಪು, ಬೀಜಗಳಲ್ಲಿ ಸಹಜವಾಗಿರುವ ಆಕ್ಸಲೇಟ್ ಎಂಬ ವಸ್ತುವಿಗೆ ಅದೇ ಊಟದಲ್ಲಿ ಕ್ಯಾಲ್ಸಿಯಂ ಸಿಕ್ಕರೆ ಎರಡೂ ಕರುಳಿನಲ್ಲೇ ಕೂಡಿಕೊಂಡು ಮಲದಲ್ಲಿ ಹೊರಗೆ ಹೋಗುತ್ತವೆ. ಕ್ಯಾಲ್ಸಿಯಂ ಸಿಗದಿದ್ದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಅಲ್ಲಿ ಮೂತ್ರದ ಕ್ಯಾಲ್ಸಿಯಂ ಜೊತೆ ಸೇರಿ ಹರಳು ಕಟ್ಟುತ್ತದೆ. ಹಾಲು ಬಿಟ್ಟವರ ಮೂತ್ರದಲ್ಲಿ ಆಕ್ಸಲೇಟ್ ಏರುವುದು ಈ ಕಾರಣಕ್ಕೆ.

ಇದನ್ನು ಊಟ ಕೊಟ್ಟೇ ಪರೀಕ್ಷಿಸಿದ್ದಾರೆ. ಇಟಲಿಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪದೇ ಪದೇ ಕಲ್ಲಾಗುತ್ತಿದ್ದ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದ 120 ಗಂಡಸರನ್ನು ಎರಡು ಗುಂಪು ಮಾಡಿ 5 ವರ್ಷ ನೋಡಿದರು. ದಿನಕ್ಕೆ 400 ಮಿ.ಗ್ರಾಂ ಕ್ಯಾಲ್ಸಿಯಂ ಮಾತ್ರ ಕೊಟ್ಟ 60 ಜನರಲ್ಲಿ 23 ಮಂದಿಗೆ ಮತ್ತೆ ಕಲ್ಲಾಯಿತು. ಕ್ಯಾಲ್ಸಿಯಂ 1,200 ಮಿ.ಗ್ರಾಂ ಇಟ್ಟು, ಉಪ್ಪನ್ನೂ ಮಾಂಸವನ್ನೂ ತಗ್ಗಿಸಿದ 60 ಜನರಲ್ಲಿ 12 ಮಂದಿಗೆ.

ಟೊಮ್ಯಾಟೊ ವಿಷಯದಲ್ಲಿ ನಮ್ಮವರ ಭಯ ತೆಗೆಯುವುದು ಎಲ್ಲಕ್ಕಿಂತ ಕಷ್ಟ. 100 ಗ್ರಾಂ ಟೊಮ್ಯಾಟೊದಲ್ಲಿರುವ ಆಕ್ಸಲೇಟ್ ಕೆಲವೇ ಮಿಲಿಗ್ರಾಂ. ಅದರ ಬೀಜ, ಬದನೆಯ ಬೀಜ, ಸೀಬೆಯ ಬೀಜ ಯಾವುದೂ ಇಡಿಯಾಗಿ ಕಿಡ್ನಿಗೆ ಹೋಗುವುದಿಲ್ಲ. ಹೊಟ್ಟೆಯಿಂದ ಕಿಡ್ನಿಗೆ ಅಂಥ ದಾರಿಯೇ ಇಲ್ಲ. ಸಾರಿಗೆ ಎರಡು ಟೊಮ್ಯಾಟೊ ಧಾರಾಳವಾಗಿ ಹಾಕಿ. ಶೇಂಗಾದಲ್ಲಿ ಆಕ್ಸಲೇಟ್ ಇದೆ ನಿಜ. ಒಂದು ಚಮಚ ಶೇಂಗಾ ಚಟ್ನಿಪುಡಿ ಮೊಸರಿನ ಜೊತೆಗಾದರೆ ನಡೆಯುತ್ತದೆ, ಮುಷ್ಟಿಗಟ್ಟಲೆ ಹುರಿದ ಶೇಂಗಾ ಬೇಡ. ಬೆಳಿಗ್ಗೆ ಎದ್ದು 20 ಬಾದಾಮಿ ತಿನ್ನುವವರು ಶೇಂಗಾ ಬಿಟ್ಟು ಬೀಗುವುದರಲ್ಲಿ ಅರ್ಥವಿಲ್ಲ. ಅಷ್ಟು ಬಾದಾಮಿಯಲ್ಲೇ 100 ಮಿ.ಗ್ರಾಂ ಮೇಲೆ ಆಕ್ಸಲೇಟ್ ಇರುತ್ತದೆ.

ಒಂದೊಂದು ಪದಾರ್ಥಕ್ಕಿಂತ ಇಡೀ ದಿನದ ಊಟದ ಕ್ರಮ ಮುಖ್ಯ. ರಕ್ತದೊತ್ತಡ ಇಳಿಸಲೆಂದು ಅಮೆರಿಕದಲ್ಲಿ ರೂಪಿಸಿದ ಡ್ಯಾಶ್ ಎಂಬ ಆಹಾರ ಕ್ರಮವಿದೆ. ಹಣ್ಣು, ತರಕಾರಿ, ಕಾಳು, ಇಡಿ ಧಾನ್ಯ, ಕೆನೆ ತೆಗೆದ ಹಾಲು-ಮೊಸರು ಹೆಚ್ಚು. ಉಪ್ಪು, ಸಿಹಿ ಪಾನೀಯ, ಕೆಂಪು ಮಾಂಸ ಕಡಿಮೆ. ಅಲ್ಲಿನ ಮೂರು ದೊಡ್ಡ ಗುಂಪುಗಳ ಸುಮಾರು 2.4 ಲಕ್ಷ ಜನರ ಊಟದ ವಿವರ ನೋಡಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ಕ್ರಮಕ್ಕೆ ತೀರ ಹತ್ತಿರವಿದ್ದವರಿಗೆ ತೀರ ದೂರವಿದ್ದವರಿಗಿಂತ ಕಲ್ಲಾಗುವ ಸಂಭವ ಶೇ 40ರಿಂದ 45ರಷ್ಟು ಕಡಿಮೆಯಿತ್ತು. ಇದು ಜನ ಏನು ತಿನ್ನುತ್ತಿದ್ದರು ಎಂದು ಕೇಳಿ ಬರೆದುಕೊಂಡದ್ದು, ಇಟಲಿಯವರಂತೆ ಊಟ ಗೊತ್ತುಮಾಡಿ ನೋಡಿದ್ದಲ್ಲ. ಅಷ್ಟು ಎಚ್ಚರದಿಂದ ಓದಬೇಕು. ಆದರೂ ಅದರಲ್ಲೊಂದು ಸ್ವಾರಸ್ಯವಿದೆ. ಹಾಗೆ ಊಟ ಮಾಡುತ್ತಿದ್ದವರು ಉಳಿದವರಿಗಿಂತ ಹೆಚ್ಚೇ ಆಕ್ಸಲೇಟ್ ತಿನ್ನುತ್ತಿದ್ದರು! ಹಣ್ಣು-ತರಕಾರಿಯಿಂದ ಮೂತ್ರದಲ್ಲಿ ಸಿಟ್ರೇಟ್ ಏರುತ್ತದೆ. ಕ್ಯಾಲ್ಸಿಯಂ ಹರಳು ಕಟ್ಟದಂತೆ ತಡೆಯುವುದು ಈ ಸಿಟ್ರೇಟ್. ಮೂತ್ರದ ಪ್ರಮಾಣವೂ ಹೆಚ್ಚುತ್ತದೆ.

ನಿಮ್ಮ ಅಡುಗೆಮನೆಗೆ ಇದನ್ನು ಹೀಗೆ ಇಳಿಸಬಹುದು. ಬೆಳಿಗ್ಗೆ ತಿಂಡಿಯ ಜೊತೆ 200 ಮಿ.ಲೀ. ಹಾಲು. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಹೆಸರುಕಾಳು ಇಲ್ಲವೇ ಮಡಿಕೆಕಾಳಿನ ಪಲ್ಯ, ಹಸಿ ಸೌತೆಕಾಯಿ, ಒಂದು ಬಟ್ಟಲು ಮೊಸರು. ಸಂಜೆ ಒಂದು ಹಣ್ಣು. ರಾತ್ರಿ ಅನ್ನ, ಬೇಳೆಸಾರು, ಹೀರೆ ಅಥವಾ ಪಡವಲ ಪಲ್ಯ, ಉಪ್ಪು ಹಾಕದ ಮಜ್ಜಿಗೆ. ಹಾಲು, ಮೊಸರು, ಮಜ್ಜಿಗೆಯಿಂದಲೇ 500 ಮಿ.ಗ್ರಾಂ ಹತ್ತಿರ ಕ್ಯಾಲ್ಸಿಯಂ ಬರುತ್ತದೆ. ದಿನಕ್ಕೆ ಬೇಕಾದದ್ದು 1,000 ಮಿ.ಗ್ರಾಂ. ವಾರಕ್ಕೆ ಮೂರ್ನಾಲ್ಕು ಸಲ ರಾಗಿ, ಜೊತೆಗೆ ಕಾಳು-ಸೊಪ್ಪು ಸೇರಿದರೆ ಲೆಕ್ಕ ಹತ್ತಿರ ಬರುತ್ತದೆ. ಹಾಲು-ಮೊಸರನ್ನು ಊಟ-ತಿಂಡಿಯ ಜೊತೆಗೇ ಕೊಡಿ. ಎರಡು ಊಟದ ನಡುವೆ ಬರಿದೇ ಕುಡಿದ ಹಾಲಿಗೆ ಹಿಡಿಯಲು ಆಕ್ಸಲೇಟ್ ಸಿಗುವುದಿಲ್ಲ.

ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮುದ್ದೆ ಬಿಡಿ ಎಂದು ಹೇಳುತ್ತಿದ್ದಾರೆ. ನಮ್ಮಲ್ಲಿ ದಿನಾ ಮುದ್ದೆ, ವಾರಕ್ಕೆ ಮೂರು ಸಲ ಬಸ್ಸಾರು. (ತುಮಕೂರು)

ಮುದ್ದೆ ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಊಟದ ಜೊತೆಗೇ ಬರುತ್ತದೆ. ಅದು ಒಳ್ಳೆಯದೇ.

ನೋಡಬೇಕಾದದ್ದು ಬಸ್ಸಾರನ್ನು. ಆಕ್ಸಲೇಟ್‌ನಲ್ಲಿ ನೀರಿನಲ್ಲಿ ಕರಗುವುದು, ಕರಗದಿರುವುದು ಎಂದು ಎರಡು ಬಗೆ. ಕರಗುವ ಬಗೆಯನ್ನು ಮೈ ಸುಲಭವಾಗಿ ಹೀರುತ್ತದೆ. ಪಾಲಕ್, ದಂಟು, ಹರಿವೆ, ಕೆಸುವಿನ ಎಲೆಯಲ್ಲಿ ಅದು ಹೆಚ್ಚು. ಸೊಪ್ಪನ್ನು ಬಹಳ ನೀರಿನಲ್ಲಿ ಬೇಯಿಸಿ ಬಸಿದರೆ ಕರಗುವ ಆಕ್ಸಲೇಟ್‌ನ ಮೂರನೇ ಒಂದು ಪಾಲಿನಿಂದ ಮುಕ್ಕಾಲು ಪಾಲಿನವರೆಗೆ ನೀರಿಗೆ ಇಳಿಯುತ್ತದೆ. ಬೇರೆ ಊರಿನವರು ಆ ನೀರನ್ನು ಚೆಲ್ಲುತ್ತಾರೆ. ನಾವು ಅದೇ ಕಟ್ಟಿಗೆ ಖಾರ ಅರೆದು ಹಾಕಿ ಬಸ್ಸಾರು ಮಾಡುತ್ತೇವೆ!

ದಾರಿ ಇದೆ. ಮೆಂತ್ಯ, ಸಬ್ಬಸಿಗೆ, ನುಗ್ಗೆ, ಕೊತ್ತಂಬರಿ ಸೊಪ್ಪಿನ ಆಕ್ಸಲೇಟ್ ಬಹುಪಾಲು ಕರಗದ ಬಗೆಯದು. ಬಸ್ಸಾರಿಗೆ ಸಬ್ಬಸಿಗೆ-ಹೆಸರುಕಾಳು, ಹುರುಳಿಕಾಯಿ-ತೊಗರಿಬೇಳೆ, ಎಲೆಕೋಸು ಬಳಸಿ. ದಂಟಿನ ಸೊಪ್ಪೇ ಬೇಕೆನಿಸಿದ ದಿನ ಸೊಪ್ಪನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಆ ನೀರು ಚೆಲ್ಲಿ, ಬೇಳೆ-ಕಾಳಿನ ಕಟ್ಟಿನಿಂದ ಸಾರು ಮಾಡಿ. ಸೊಪ್ಪು ಪಲ್ಯಕ್ಕೆ ಹೋಗಲಿ, ಕೊನೆಗೆ ಮಜ್ಜಿಗೆ ಅನ್ನ ಇರಲಿ. ರುಚಿ ತುಸು ಕಡಿಮೆಯಾಗುತ್ತದೆ, ಒಪ್ಪುತ್ತೇವೆ. ಕಲ್ಲಿನ ತೊಂದರೆ ಇಲ್ಲದವರು ಇದ್ಯಾವುದನ್ನೂ ತಲೆಗೆ ಹಚ್ಚಿಕೊಳ್ಳದೆ ಎಂದಿನಂತೆ ಬಸ್ಸಾರು ಉಣ್ಣಬಹುದು.

ದಿನಕ್ಕೆ ಎಷ್ಟು ನೀರು ಕುಡಿಯಬೇಕು? ಗಾರೆ ಕೆಲಸ ಮಾಡುತ್ತೇನೆ, ಬಿಸಿಲು ಬಹಳ. ನಮ್ಮ ಬೋರ್‌ವೆಲ್ ನೀರು ಗಡಸು. ಅದರಿಂದಲೇ ಕಲ್ಲಾಗಿದೆಯೇ? (ಕಲಬುರಗಿ)

ಕುಡಿದ ನೀರಿಗಿಂತ ಹೊರಗೆ ಹೋದ ಮೂತ್ರವನ್ನು ಅಳೆಯಿರಿ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ನೆರಳಿನಲ್ಲಿ ಕೂತು ಕೆಲಸ ಮಾಡುವವರಿಗೆ ಅದಕ್ಕೆ ಸುಮಾರು 3 ಲೀಟರ್ ಕುಡಿದರೆ ಸಾಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಗಾರೆ ಕಲಸುವವರಿಗೆ ಬೆವರಿನಲ್ಲೇ ಲೀಟರುಗಟ್ಟಲೆ ಹೋಗುತ್ತದೆ, 4-5 ಲೀಟರ್ ಕೂಡ ಬೇಕಾಗಬಹುದು. ರಜೆಯ ದಿನ ಅಳೆದರೆ ಮೋಸ. ಕೆಲಸದ ದಿನ ಅಳೆಯಿರಿ. ಅದಾಗದಿದ್ದರೆ ಬಣ್ಣ ನೋಡಿ. ಮಧ್ಯಾಹ್ನದ ಮೂತ್ರ ತಿಳಿ ಹುಲ್ಲಿನ ಬಣ್ಣಕ್ಕಿರಬೇಕು. ಗಾಢ ಹಳದಿಯಿದ್ದರೆ ನೀರು ಸಾಲದು.

ಒಂದೇ ಸಲ ಒಂದು ಲೀಟರ್ ಗಟಗಟ ಕುಡಿದರೆ ಎರಡು ಗಂಟೆಯಲ್ಲಿ ಹೊರಟುಹೋಗಿ ಮತ್ತೆ ಮೂತ್ರ ಮಂದವಾಗುತ್ತದೆ. ಎದ್ದ ಕೂಡಲೇ ಎರಡು ಲೋಟ, ಕೆಲಸದ ಜಾಗದಲ್ಲಿ ಗಂಟೆಗೊಂದು ಲೋಟ, ಪ್ರತಿ ಊಟದ ಜೊತೆ ಒಂದು, ಮಲಗುವಾಗ ಒಂದು. ನಡುರಾತ್ರಿ ಮೂತ್ರಕ್ಕೆ ಎದ್ದರೆ ಅರ್ಧ ಲೋಟ ಕುಡಿದು ಮಲಗಿ. ಬೆಳಗಿನ ಜಾವದ ಮೂತ್ರವೇ ಎಲ್ಲಕ್ಕಿಂತ ಗಟ್ಟಿ. ಮೊದಲ ಸಲ ಕಲ್ಲಾದ 199 ಜನರನ್ನು 5 ವರ್ಷ ನೋಡಿ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂತ್ರ 2 ಲೀಟರ್ ದಾಟುವಂತೆ ನೀರು ಕುಡಿದವರಲ್ಲಿ ಶೇ 12 ಮಂದಿಗೆ ಮತ್ತೆ ಕಲ್ಲಾಯಿತು, ಉಳಿದವರಲ್ಲಿ ಶೇ 27 ಮಂದಿಗೆ. ಇಷ್ಟು ಅಗ್ಗದ ಮದ್ದು ಬೇರೆ ಸಿಗದು.

ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಕ್ಯಾಲ್ಸಿಯಂ ಕಾರ್ಬೊನೇಟ್. ಕಿಡ್ನಿಯ ಕಲ್ಲು ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್. ಪಾತ್ರೆಯಲ್ಲಿ ಆದದ್ದೇ ಹೊಟ್ಟೆಯಲ್ಲೂ ಆಗುತ್ತದೆ ಎಂದುಕೊಳ್ಳಬೇಡಿ. ನೀರು ಗಡಸು ಎಂದು ಹೆದರಿ ಕಡಿಮೆ ಕುಡಿಯುವುದೇ ದೊಡ್ಡ ಅಪಾಯ. ಫ್ಲೋರೈಡ್ ಇದೆಯೇ ಎಂದು ಪರೀಕ್ಷೆ ಮಾಡಿಸುವುದು ಒಳ್ಳೆಯದು, ಅದು ಬೇರೆಯೇ ವಿಷಯ.

ಉಪ್ಪು ಕಡಿಮೆ ಮಾಡಿ ಅನ್ನುತ್ತೀರಿ. ನಮ್ಮ ಮನೆಯಲ್ಲಿ ಮೊದಲೇ ಉಪ್ಪು ಕಡಿಮೆ. ಈಗ ಸೈಂಧವ ಲವಣಕ್ಕೆ ಬದಲಾಯಿಸಿದ್ದೇವೆ. ಸಾಲದೇ? (ಹುಬ್ಬಳ್ಳಿ)

ಸೈಂಧವವೂ ಸೋಡಿಯಂ ಕ್ಲೋರೈಡೇ. ಬಣ್ಣ ಬೇರೆ, ಬೆಲೆ ಬೇರೆ, ಕಿಡ್ನಿಗೆ ಎರಡೂ ಒಂದೇ.

"ಮೊದಲೇ ಕಡಿಮೆ" ಎಂದು ಎಲ್ಲ ಮನೆಯವರೂ ಹೇಳುತ್ತಾರೆ. ಒಂದು ಲೆಕ್ಕ ಮಾಡಿ. ಉಪ್ಪಿನ 1 ಕಿಲೋ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮಿತಿ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ, ಅಂದರೆ ಆ ಪೊಟ್ಟಣ 50 ದಿನ ಬರಬೇಕು. 25 ದಿನಕ್ಕೆ ಮುಗಿದರೆ ತಲಾ 10 ಗ್ರಾಂ ಆಯಿತು. ಇದರಲ್ಲಿ ಅಂಗಡಿಯಿಂದ ತಂದ ಹಪ್ಪಳ, ಉಪ್ಪಿನಕಾಯಿ, ಚುರುಮುರಿ, ಮಿರ್ಚಿ, ಬೇಕರಿ ತಿಂಡಿ, ನೂಡಲ್ಸ್‌ನ ಉಪ್ಪು ಸೇರಿಯೇ ಇಲ್ಲ.

ಉಪ್ಪಿಗೂ ಕಲ್ಲಿಗೂ ಏನು ಸಂಬಂಧ? ಕಿಡ್ನಿ ಸೋಡಿಯಂ ಹೊರಹಾಕುವಾಗ ಕ್ಯಾಲ್ಸಿಯಂ ಕೂಡ ಅದರ ಬೆನ್ನು ಹತ್ತಿ ಹೋಗುತ್ತದೆ. ಸುಮಾರು 6 ಗ್ರಾಂ ಉಪ್ಪು ಹೆಚ್ಚಾದರೆ ಮೂತ್ರದಲ್ಲಿ 40 ಮಿ.ಗ್ರಾಂ ಕ್ಯಾಲ್ಸಿಯಂ ಹೆಚ್ಚು. ಹರಳಿಗೆ ಸರಕು ಒದಗುವುದು ಹೀಗೆ, ಮೂಳೆ ಸವೆಯುವುದೂ ಹೀಗೆ. ಮೊದಲು ಮಜ್ಜಿಗೆಗೆ, ಚಪಾತಿ-ರೊಟ್ಟಿ ಹಿಟ್ಟಿಗೆ, ಅನ್ನಕ್ಕೆ ಉಪ್ಪು ಹಾಕುವುದನ್ನು ನಿಲ್ಲಿಸಿ. ಪಲ್ಯಕ್ಕೆ ಕೊನೆಯಲ್ಲಿ ನಿಂಬೆ ಹಿಂಡಿ. ಉಪ್ಪಿನಕಾಯಿ ದಿನಾ ಬೇಡ, ಹಬ್ಬಕ್ಕೆ ಇರಲಿ. ಮೂರ್ನಾಲ್ಕು ವಾರದಲ್ಲಿ ನಾಲಗೆ ಒಗ್ಗಿಕೊಳ್ಳುತ್ತದೆ.

ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲಕ್, ಬೀಟ್‌ರೂಟ್ ಜ್ಯೂಸ್ ಕುಡಿಯುತ್ತೇನೆ. ತೋಟದಲ್ಲಿ ಬಿಂಬುಳಿ ಬಹಳ ಇದೆ, ಅದರ ರಸ ಕೊಬ್ಬು ಇಳಿಸುತ್ತದಂತೆ. ಅಕ್ಕನಿಗೆ ಕಲ್ಲಾಗಿತ್ತು. ನಾನು ಮುಂದುವರಿಸಬಹುದೇ? ಪತ್ರೊಡೆ ತಿನ್ನಬಹುದೇ? (ಪುತ್ತೂರು)

ಜ್ಯೂಸ್ ನಿಲ್ಲಿಸಿ. 100 ಗ್ರಾಂ ಹಸಿ ಪಾಲಕ್‌ನಲ್ಲಿ 600 ಮಿ.ಗ್ರಾಂಗೂ ಹೆಚ್ಚು ಆಕ್ಸಲೇಟ್ ಇರುತ್ತದೆ. ಸಾಮಾನ್ಯ ಊಟದಲ್ಲಿ ಇಡೀ ದಿನಕ್ಕೆ 100ರಿಂದ 200 ಮಿ.ಗ್ರಾಂ ಮಾತ್ರ. ಬೇಯಿಸಿಲ್ಲ, ಬಸಿದಿಲ್ಲ, ಹಿಡಿಯಲು ಮೊಸರಿಲ್ಲ, ಹೊಟ್ಟೆ ಬೇರೆ ಖಾಲಿ. ಆರೋಗ್ಯದ ಹೆಸರಿನಲ್ಲಿ ಕಲ್ಲು ಬೆಳೆಸಲು ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಅದೇ ಪಾಲಕ್ ಬೇಯಿಸಿ ಬಸಿದು ಪನೀರ್ ಜೊತೆ ತಿಂಗಳಿಗೊಮ್ಮೆ ತಿಂದರೆ ಚಿಂತೆಯಿಲ್ಲ.

ಬಿಂಬುಳಿ ರಸ ಇನ್ನೂ ಅಪಾಯ. ಕೊಬ್ಬಿಳಿಸಲೆಂದು ಅದನ್ನು ಹಿಂಡಿ ಕುಡಿದವರ ಕಿಡ್ನಿ ಕೆಲವೇ ದಿನಗಳಲ್ಲಿ ಕೆಟ್ಟ ಪ್ರಕರಣಗಳು ಕೇರಳದಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ದಾರೆಹುಳಿ ರಸವೂ ಅದೇ ಜಾತಿ. ಸಾಂಬಾರಿಗೆ ಹುಳಿಯಾಗಿ ಒಂದೆರಡು ಬಿಂಬುಳಿ ಹಾಕುವುದಕ್ಕೂ ಲೋಟಗಟ್ಟಲೆ ಕುಡಿಯುವುದಕ್ಕೂ ಅಜಗಜಾಂತರ.

ಪತ್ರೊಡೆ ಮಾಡುವ ಕೆಸುವಿನ ಎಲೆ ಗಂಟಲು ತುರಿಸುವುದೇ ಅದರಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಹುಣಸೆಹುಳಿ ತುರಿಕೆ ತಗ್ಗಿಸಿದರೂ ಆಕ್ಸಲೇಟ್ ಎಲ್ಲೂ ಹೋಗುವುದಿಲ್ಲ. ಕಲ್ಲಾದ ಅಕ್ಕನವರು ಆಟಿ ತಿಂಗಳಲ್ಲಿ ಒಂದೆರಡು ತುಂಡು ಮೊಸರಿನ ಜೊತೆ ರುಚಿ ನೋಡಲಿ, ತಟ್ಟೆ ತುಂಬ ಬೇಡ. ನಿಮಗೆ ಅಷ್ಟು ಕಟ್ಟುನಿಟ್ಟು ಬೇಡ.

ಬಿಯರ್ ಕುಡಿದರೆ ಕಲ್ಲು ಬಿದ್ದುಹೋಗುತ್ತದೆಯೇ? (ಹೆಸರು, ಊರು ಬೇಡ)

ಇಲ್ಲ. ಮೂತ್ರ ಹೆಚ್ಚುತ್ತದೆ ಅಷ್ಟೆ. ನೀರೂ ಅದನ್ನೇ ಮಾಡುತ್ತದೆ. ಬಿಯರ್ ಯೂರಿಕ್ ಆಮ್ಲವನ್ನೂ ಏರಿಸುತ್ತದೆ. ಕೋಲಾಗಳಂಥ ಸಿಹಿ ಪಾನೀಯಗಳನ್ನೂ ಬಿಡಿ. ಟೀ-ಕಾಫಿಗೆ ಹೆದರಬೇಕಿಲ್ಲ, ಹಾಲು ಹಾಕಿದ ಎರಡು-ಮೂರು ಕಪ್ ಸರಿ.

ಹುರುಳಿ ಕಷಾಯ, ಬಾಳೆದಿಂಡಿನ ರಸ, ಕಾಡುಬಸಳೆ ಎಲೆ: ಇವುಗಳಲ್ಲಿ ಕಲ್ಲು ಕರಗಿಸುವುದು ಯಾವುದು? 9 ಮಿ.ಮೀ. ಕಲ್ಲಿದೆ. (ಮಂಡ್ಯ)

ಆಗಲೇ ಕಟ್ಟಿದ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕುಡಿಯುವ ಯಾವ ವಸ್ತುವೂ ಕರಗಿಸುವುದಿಲ್ಲ. "ಬಾಳೆದಿಂಡು ಕುಡಿದೆ, ಕಲ್ಲು ಬಿತ್ತು" ಎನ್ನುವವರು ಸುಳ್ಳು ಹೇಳುತ್ತಿಲ್ಲ; 4-5 ಮಿ.ಮೀ. ಒಳಗಿನ ಕಲ್ಲುಗಳಲ್ಲಿ ಹೆಚ್ಚಿನವು ಏನೂ ಕುಡಿಯದಿದ್ದರೂ ಬೀಳುತ್ತವೆ. 9 ಮಿ.ಮೀ. ಕಲ್ಲು ಹಾಗೆ ಬೀಳುವ ಸಂಭವ ಕಡಿಮೆ. ಕಷಾಯ ಕುಡಿಯುತ್ತ ತಿಂಗಳುಗಟ್ಟಲೆ ಕಾದರೆ, ನೋವಿಲ್ಲದಿದ್ದರೂ ಕಲ್ಲು ಮೂತ್ರನಾಳಕ್ಕೆ ಅಡ್ಡಬಿದ್ದು ಕಿಡ್ನಿ ಊದಿಕೊಳ್ಳಬಹುದು. ಯೂರಾಲಜಿ ವೈದ್ಯರನ್ನು ಕಂಡು, ಅವರು ಹೇಳಿದ ಸಮಯಕ್ಕೆ ಸ್ಕ್ಯಾನ್ ಮಾಡಿಸಿ. ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು.

ಹುರುಳಿ ಸಾರು, ಬಾಳೆದಿಂಡಿನ ಪಲ್ಯವನ್ನು ಊಟವೆಂದೇ ಉಣ್ಣಿ, ಎರಡೂ ಒಳ್ಳೆಯವು. ಮದ್ದೇ ಬೇಕೆಂದರೆ ನಿಂಬೆ: ದಿನಕ್ಕೆ ಎರಡು-ಮೂರು ನಿಂಬೆಹಣ್ಣಿನ ರಸವನ್ನು 2 ಲೀಟರ್ ನೀರಿಗೆ ಬೆರೆಸಿ, ಉಪ್ಪು-ಸಕ್ಕರೆ ಹಾಕದೆ, ದಿನವಿಡೀ ಕುಡಿಯಿರಿ. ಅದರ ಸಿಟ್ರೇಟ್ ಹೊಸ ಹರಳು ಕಟ್ಟುವುದನ್ನು ತಡೆಯಲು ನೆರವಾಗುತ್ತದೆ. ಕುಡಿದ ಮೇಲೆ ಬಾಯಿ ಮುಕ್ಕಳಿಸಿ, ಇಲ್ಲದಿದ್ದರೆ ಹಲ್ಲು ಜುಮ್ಮೆನ್ನುತ್ತದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಯೂರಿಕ್ ಆಮ್ಲದ ಕಲ್ಲು ಎಂದಿದ್ದಾರೆ. ದಿನಾ ಮೀನು ಬೇಕು ಅವರಿಗೆ. (ಉಡುಪಿ)

ಈ ಜಾತಿಯ ಕಲ್ಲಿಗೆ ಮಾತ್ರ "ಕರಗುತ್ತದೆ" ಎಂಬ ಮಾತು ನಿಜ. ಮೂತ್ರ ಹುಳಿಯಾಗಿ ಪಿಎಚ್ 5.5ಕ್ಕಿಂತ ಕೆಳಗಿಳಿದಾಗ ಯೂರಿಕ್ ಆಮ್ಲ ಹರಳಾಗುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇರುವವರಲ್ಲಿ ಹೀಗಾಗುವುದು ಹೆಚ್ಚು. ಪಿಎಚ್ 6ರಿಂದ 6.5ಕ್ಕೆ ಏರಿಸಿದರೆ ಕರಗತೊಡಗುತ್ತದೆ. ಅದಕ್ಕೆ ವೈದ್ಯರು ಪೊಟ್ಯಾಸಿಯಂ ಸಿಟ್ರೇಟ್ ಕೊಡುತ್ತಾರೆ. ರಕ್ತದ ಪೊಟ್ಯಾಸಿಯಂ ನೋಡದೆ ಅದನ್ನು ಅಂಗಡಿಯಿಂದ ತಂದು ಕುಡಿಯಬಾರದು. ಮೆಡಿಕಲ್‌ನಲ್ಲಿ ಸಿಗುವ ಪಿಎಚ್ ಪಟ್ಟಿಯಿಂದ ಮನೆಯಲ್ಲೇ ನೋಡಿಕೊಳ್ಳಬಹುದು.

ಮೀನು ಪೂರ್ತಿ ಬಿಡಿಸಿದರೆ ಅವರು ಕೇಳಲಾರರು. ವಾರಕ್ಕೆ ಎರಡು-ಮೂರು ದಿನ, ಸಲಕ್ಕೆ 100 ಗ್ರಾಂ ಎಂದು ಒಪ್ಪಿಸಿ. ಬೂತಾಯಿ, ಒಣಮೀನು, ಕುರಿಯ ಲಿವರ್ ಇವುಗಳಲ್ಲಿ, ಮೈಯಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್ ಹೆಚ್ಚು, ಅವನ್ನು ಬಿಡಿಸಿ. ಒಣಮೀನಿನಲ್ಲಿ ಉಪ್ಪಿನ ಕಾಟ ಬೇರೆ. ಬೇಳೆ-ಕಾಳು ಧಾರಾಳವಾಗಿ ಕೊಡಿ.

ಮುಟ್ಟು ನಿಂತ ಮೇಲೆ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟಿದ್ದಾರೆ. ಹಿಂದೊಮ್ಮೆ ಕಲ್ಲಾಗಿತ್ತು. ನುಂಗಬಹುದೇ? (ಶಿವಮೊಗ್ಗ)

ಬರೆದುಕೊಟ್ಟ ವೈದ್ಯರಿಗೆ ಕಲ್ಲಿನ ವಿಷಯ ತಿಳಿಸಿ. ಊಟದ ಕ್ಯಾಲ್ಸಿಯಂ ಕಾಪಾಡುತ್ತದೆ, ಮಾತ್ರೆಯದು ಹಾಗಲ್ಲ: ಅಮೆರಿಕದಲ್ಲಿ ನಡುವಯಸ್ಸು ದಾಟಿದ ಹೆಂಗಸರಿಗೆ ದಿನಕ್ಕೆ 1,000 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಕಲ್ಲಿನ ಸಂಭವ ಶೇ 17ರಷ್ಟು ಹೆಚ್ಚಿತು. ನುಂಗಲೇಬೇಕಾದರೆ ಊಟದ ಜೊತೆಗೇ ನುಂಗಿ, ರಾತ್ರಿ ಮಲಗುವಾಗ ಬೇಡ. 1,000 ಮಿ.ಗ್ರಾಂ ವಿಟಮಿನ್ ಸಿ ಮಾತ್ರೆ ನೀರಿಗೆ ಹಾಕಿ ಕುಡಿಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಮೈಯಲ್ಲಿ ಅದರ ಒಂದು ಪಾಲು ಆಕ್ಸಲೇಟ್ ಆಗುತ್ತದೆ. ನೆಲ್ಲಿಕಾಯಿ, ಸೀಬೆ, ಕಿತ್ತಳೆ ತಿನ್ನಲು ಅಡ್ಡಿಯಿಲ್ಲ.

ಅಮ್ಮನ ಕ್ರಿಯಾಟಿನಿನ್ 2.4. ಕಲ್ಲೂ ಇದೆ. ಹಣ್ಣು, ಎಳನೀರು, ನೀರು ಹೆಚ್ಚು ಕೊಡುತ್ತಿದ್ದೇವೆ. ಸರಿಯೇ? (ಹಾಸನ)

ಇವತ್ತೇ ಎಳನೀರು ನಿಲ್ಲಿಸಿ, ವೈದ್ಯರನ್ನು ಕೇಳಿ. ಕ್ರಿಯಾಟಿನಿನ್ ಅಷ್ಟು ಏರಿದೆ ಎಂದರೆ ಕಿಡ್ನಿಯ ಕೆಲಸ ಕುಂದಿದೆ ಎಂದರ್ಥ. ಮೇಲಿನ ಉತ್ತರಗಳೆಲ್ಲ ಕಿಡ್ನಿಯ ಕೆಲಸ ಸರಿಯಿರುವವರಿಗೆ. ಅಮ್ಮನಂಥವರಲ್ಲಿ ಎಳನೀರು, ಹಣ್ಣಿನ ರಸ, "ಕಡಿಮೆ ಸೋಡಿಯಂ" ಉಪ್ಪು ಇವುಗಳಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು. ನೀರಿನ ಅಳತೆಯೂ ಅವರಿಗೆ ಬೇರೆ.

24 ಗಂಟೆಯ ಮೂತ್ರ ಪರೀಕ್ಷೆ ಬರೆದಿದ್ದಾರೆ. ಹೇಗೆ ಹಿಡಿಯಬೇಕು? (ಬೆಳಗಾವಿ)

ಲ್ಯಾಬಿನಿಂದ ಡಬ್ಬಿ ತನ್ನಿ. ಒಳಗೆ ಹಾಕಿರುವ ದ್ರಾವಣ ಚೆಲ್ಲಬೇಡಿ, ಕೈಗೆ ತಾಗಿಸಿಕೊಳ್ಳಬೇಡಿ. ಬೆಳಿಗ್ಗೆ 6ಕ್ಕೆ ಎದ್ದಿರಿ ಎಂದುಕೊಳ್ಳಿ. ಆ ಮೊದಲ ಮೂತ್ರವನ್ನು ಹಿಡಿಯದೆ ಬಿಡಿ, ವೇಳೆ ಬರೆದುಕೊಳ್ಳಿ. ಅಲ್ಲಿಂದ ಪ್ರತಿ ಸಲದ್ದನ್ನೂ ಮಗ್ಗಿನಲ್ಲಿ ಹಿಡಿದು ಡಬ್ಬಿಗೆ ಸುರಿಯಿರಿ. ಮರುದಿನ 6ಕ್ಕೆ ಎದ್ದಾಗಿನದು ಕೊನೆಯದು, ಅದೂ ಸೇರಬೇಕು. ಮಲಕ್ಕೆ ಹೋದಾಗ ತಪ್ಪಿಹೋಗುವುದೇ ಹೆಚ್ಚು. ಮೊದಲು ಮೂತ್ರ ಹಿಡಿದು ಆಮೇಲೆ ಕೂರಿ. ಒಂದು ಸಲ ತಪ್ಪಿದರೂ ಹೊಸ ಡಬ್ಬಿ ತಂದು ಮತ್ತೆ ಶುರು ಮಾಡಬೇಕು. ಡಬ್ಬಿ ತಂಪಾದ ಜಾಗದಲ್ಲಿರಲಿ. ನೋವಿರುವಾಗ ಬೇಡ, ಕಲ್ಲು ಬಿದ್ದು ಐದಾರು ವಾರ ಕಳೆದ ಮೇಲೆ ಮಾಡಿಸಿ.

ವರದಿಯಲ್ಲಿ ಮೂತ್ರದ ಪ್ರಮಾಣ, ಪಿಎಚ್, ಕ್ಯಾಲ್ಸಿಯಂ, ಆಕ್ಸಲೇಟ್, ಸಿಟ್ರೇಟ್, ಯೂರಿಕ್ ಆಮ್ಲ, ಸೋಡಿಯಂ, ಕ್ರಿಯಾಟಿನಿನ್ ಇಷ್ಟೂ ಇರಬೇಕು. ಸೋಡಿಯಂ ಅಂಕಿ ನಿಮ್ಮ ಮನೆಯ ಉಪ್ಪಿನ ಗುಟ್ಟನ್ನು ಹೇಳುತ್ತದೆ. ಆಕ್ಸಲೇಟ್ ಹೆಚ್ಚಿದ್ದರೆ ಮಾತ್ರ ಸೊಪ್ಪು-ಬೀಜಗಳ ಕಟ್ಟುನಿಟ್ಟು ಬೇಕು. ಮೂತ್ರ ಹಿಡಿಯುವ ದಿನ ಎಂದಿನಂತೆಯೇ ಉಣ್ಣಿ, ಕುಡಿಯಿರಿ. ಅದೊಂದು ದಿನ ಮಾತ್ರ ಭಕ್ತಿಯಿಂದ ನೀರು ಕುಡಿದು ಉಪ್ಪು ಬಿಟ್ಟರೆ ವರದಿ ಚೆಂದ ಬರುತ್ತದೆ, ಉಪಯೋಗಕ್ಕೆ ಬರುವುದಿಲ್ಲ.